ಬಳೆಗಾರರ ಮನೆಯ ಕವಿರತ್ನ

ಜೀವನನ್ನು ಸಂಸಾರದಲ್ಲಿ ಕಟ್ಟಿಹಾಕುವ ಕಷಾಯಗಳು ನಾಲ್ಕು: ಕ್ರೋಧ, ಮಾನ, ಮಾಯೆ, ಲೋಭ. ಇವುಗಳಲ್ಲಿ ಮಾನದ ಸ್ವಭಾವ ವಿಚಿತ್ರವಾದುದು. ಕೋಪ ಬಂದವನಿಗೆ ತನಗೆ ಕೋಪ ಬಂದಿದೆಯೆಂದು ತಿಳಿಯುತ್ತದೆ. ಲೋಭಿಗೆ ಒಳಗೊಳಗೇ ಅಳುಕಿರುತ್ತದೆ. ಮಾನಕಷಾಯವಾದರೋ ಸದ್ಗುಣದ ವೇಷ ತೊಟ್ಟೇ ಮನೆಯೊಳಗೆ ಕಾಲಿಡುತ್ತದೆ. ಅಭಿಮಾನ, ಛಲ, ಮರ್ಯಾದೆ, ವಂಶದ ಘನತೆ ಎಂದು ನಾವೂ ಅದಕ್ಕೆ ಒಳ್ಳೊಳ್ಳೆಯ ಹೆಸರುಗಳನ್ನಿಟ್ಟು ಸಾಕಿಕೊಂಡಿದ್ದೇವೆ. ಕನ್ನಡದ ಕವಿಗಳಲ್ಲಿ ಈ ಕಷಾಯವನ್ನು ಬೇರು ಸಹಿತ ಕಂಡವನು ರನ್ನ. ಅದು ಅವನಲ್ಲಿಯೂ ಧಾರಾಳವಾಗಿಯೇ ಇತ್ತು. ಆದ್ದರಿಂದಲೇ ಅವನ ಬಾಳು ನಮ್ಮಂತಹ ಗೃಹಸ್ಥರಿಗೆ ಮುನಿಗಳ ಚರಿತ್ರೆಗಿಂತ ಹತ್ತಿರದ್ದಾಗಿ ತೋರುತ್ತದೆ.

ರನ್ನ ಹುಟ್ಟಿದ್ದು ಕ್ರಿ.ಶ. 949ರಲ್ಲಿ, ಮುದುವೊಳಲಿನಲ್ಲಿ. ಅದು ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳ. ಸಮೀಪದ ಬೆಳಗಲಿ ಗ್ರಾಮವನ್ನು ಜನ ಇಂದಿಗೂ ರನ್ನ ಬೆಳಗಲಿ ಎಂದೇ ಕರೆಯುತ್ತಾರೆ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಕುಲ ಬಳೆಗಾರರದು. ಈ ವಿವರಗಳನ್ನು ನಮಗೆ ತಿಳಿಸಿದವನು ಸ್ವತಃ ರನ್ನನೇ. ಚಕ್ರವರ್ತಿಯಿಂದ ಗೌರವ ಪಡೆದ ಮೇಲೆ, ತೀರ್ಥಂಕರ ಪುರಾಣವೊಂದನ್ನು ಬರೆಯುವಾಗ, ತಾನು ಬಳೆಗಾರರ ಮನೆಯಲ್ಲಿ ಹುಟ್ಟಿದವನೆಂದು ಅವನು ಮುಚ್ಚುಮರೆಯಿಲ್ಲದೆ ದಾಖಲಿಸಿದ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಂಟು ಬಗೆಯ ಮದಗಳನ್ನು ಹೇಳಿದ್ದಾರೆ. ಜ್ಞಾನದ ಮದದಂತೆಯೇ ಕುಲದ ಮದವೂ ಅದರಲ್ಲಿ ಒಂದು. ಮೊದಲನೆಯದು ರನ್ನನಿಗೆ ಇರಲಿಲ್ಲವೆಂದು ಯಾರೂ ಹೇಳಲಾರರು. ಆದರೆ ಕುಲದ ವಿಷಯದಲ್ಲಿ ಅವನಿಗೆ ಮದವೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಎರಡೂ ಇಲ್ಲದಿರುವುದು ಎಷ್ಟು ಕಷ್ಟವೆಂಬುದು ನಮ್ಮ ಸುತ್ತಲಿನ ಮದುವೆಯ ಮಾತುಕತೆಗಳನ್ನು ಕೇಳಿದವರಿಗೆ ಗೊತ್ತು.

ಬಳೆಗಾರನ ವೃತ್ತಿಯ ಬಗ್ಗೆ ಒಂದು ಮಾತು ಹೇಳಬೇಕೆನಿಸುತ್ತದೆ. ಪೇಟೆಯ ಅಂಗಡಿಗೆ ಗಿರಾಕಿಯೇ ಹೋಗಬೇಕು. ಬಳೆಗಾರನಾದರೋ ತನ್ನ ಮಲಾರವನ್ನು ಹೆಗಲಿಗೇರಿಸಿಕೊಂಡು ಕೇರಿ ಕೇರಿಗೂ ಹೋಗಿ, ಹೆಣ್ಣುಮಕ್ಕಳು ಕೂಡುವ ಪಡಸಾಲೆಯಲ್ಲಿಯೇ ಕುಳಿತುಕೊಳ್ಳುವವನು. ಮದುವೆ, ಸೀಮಂತ, ಹಬ್ಬ, ತವರಿಗೆ ಬಂದ ಮಗಳು, ಇವೆಲ್ಲ ಅವನಿಗೆ ಮೊದಲೇ ತಿಳಿಯುತ್ತವೆ. ಯಾವ ಕೈ ಒರಟು, ಯಾವ ಕೈ ಮೃದು, ಎಲ್ಲಿ ಒತ್ತಬೇಕು, ಎಲ್ಲಿ ಸಡಿಲಿಸಬೇಕು ಎಂಬುದನ್ನು ಬಲ್ಲವನೇ ಬಳೆ ಒಡೆಯದಂತೆ ತೊಡಿಸಬಲ್ಲ. ಯಾವ ಮನೆಗೆ ಇನ್ನು ಮುಂದೆ ತಾನು ಹೋಗಬಾರದೆಂಬುದೂ ಅವನಿಗೆ ಗೊತ್ತಿರುತ್ತದೆ. ರನ್ನ ಸ್ವತಃ ಬಳೆ ಹೊತ್ತು ತಿರುಗಿದನೆಂದು ನಾನು ಹೇಳುತ್ತಿಲ್ಲ. ಆದರೆ ಇಂತಹ ಕಸುಬಿನ ಮಾತುಗಳು ಕಿವಿಯ ಮೇಲೆ ಬೀಳುವ ಮನೆಯಲ್ಲಿ ಬೆಳೆದ ಹುಡುಗನಿಗೆ ಮನುಷ್ಯರ ಸುಖದುಃಖದ ಪಾಠ ಪುಸ್ತಕಕ್ಕೆ ಮೊದಲೇ ಆಗಿರುತ್ತದೆ.

ಆ ಹುಡುಗನಿಗೆ ವಿದ್ಯೆ ಬೇಕಾಗಿತ್ತು. ಅದಕ್ಕಾಗಿ ಅವನು ಊರು ಬಿಟ್ಟು ಗಂಗರ ಸೀಮೆಗೆ ಬಂದ. ಮುಧೋಳದಿಂದ ಶ್ರವಣಬೆಳಗೊಳಕ್ಕೆ ನಾನೂರು ಕಿ.ಮೀ.ಗೂ ಮಿಕ್ಕ ದೂರವಿದೆ. ಅಲ್ಲಿ ಅವನಿಗೆ ಅಜಿತಸೇನಾಚಾರ್ಯರು ಗುರುಗಳಾದರು. ಗಂಗರ ಮಂತ್ರಿಯೂ ಸೇನಾನಿಯೂ ಆಗಿದ್ದ ಚಾವುಂಡರಾಯ ಆಶ್ರಯದಾತನಾದ. ಚಾವುಂಡರಾಯನಿಗೂ ಅಜಿತಸೇನರೇ ಗುರುಗಳು. ಹೀಗೆ ರಾಜ್ಯವಾಳುವ ಮಂತ್ರಿಯೂ ಬಳೆಗಾರರ ಮಗನೂ ಒಂದೇ ಗುರುಪಾದದಡಿಯಲ್ಲಿ ಕುಳಿತರು.

ಅದು ಎಂತಹ ಕಾಲ! ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಬಾಳಿದ ರಾಷ್ಟ್ರಕೂಟ ಸಾಮ್ರಾಜ್ಯ ಕ್ರಿ.ಶ. 973ರಲ್ಲಿ ಚಾಲುಕ್ಯ ತೈಲಪನ ಕೈಯಲ್ಲಿ ಕುಸಿಯಿತು. ಆಗ ರನ್ನನಿಗೆ ಇಪ್ಪತ್ತನಾಲ್ಕು ವರ್ಷ. ರಾಷ್ಟ್ರಕೂಟರನ್ನು ಉಳಿಸಲು ಹೆಣಗಿದ ಗಂಗರ ಮಾರಸಿಂಹ ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತ ಹಿಡಿದು ದೇಹತ್ಯಾಗ ಮಾಡಿದ. ಆ ವಂಶದ ಕೊನೆಯ ಕುಡಿಯಾದ ಇಂದ್ರರಾಜ ಕ್ರಿ.ಶ. 982ರಲ್ಲಿ ಶ್ರವಣಬೆಳಗೊಳದಲ್ಲಿ ಅದೇ ದಾರಿ ಹಿಡಿದ. ಕಿರೀಟಗಳು ಉರುಳುವುದನ್ನೂ, ಉರುಳಿದ ಮೇಲೆ ಕೆಲವರು ಎಷ್ಟು ಶಾಂತರಾಗಿ ಎಲ್ಲವನ್ನೂ ಬಿಟ್ಟು ಹೊರಡಬಲ್ಲರೆಂಬುದನ್ನೂ ರನ್ನನ ತಲೆಮಾರು ಕಣ್ಣಾರೆ ಕಂಡಿತು. ಮುಂದೆ ಅವನು ಹಸ್ತಿನಾವತಿಯ ಅರಸನ ಕೊನೆಯ ದಿನವನ್ನು ಬರೆದಾಗ ಆ ನೋವು ಬರಿಯ ಗ್ರಂಥಗಳಿಂದ ಬಂದುದಾಗಿರಲಾರದು.

ಇದೇ ವರ್ಷಗಳಲ್ಲಿ, ಕ್ರಿ.ಶ. 981ರ ಸುಮಾರಿಗೆ, ವಿಂಧ್ಯಗಿರಿಯ ನೆತ್ತಿಯಲ್ಲಿ ಚಾವುಂಡರಾಯ 58 ಅಡಿಯ ಗೊಮ್ಮಟೇಶ್ವರನನ್ನು ಮೂಡಿಸಿದ. ಗೊಮ್ಮಟನ ಕಥೆಯೂ ಮಾನದ ಕಥೆಯೇ ತಾನೆ? ಅಣ್ಣನಿಗೆ ತಲೆಬಾಗಲೊಪ್ಪದೆ ಯುದ್ಧಕ್ಕೆ ನಿಂತು, ಗೆದ್ದು, ಗೆದ್ದುದೆಲ್ಲವನ್ನೂ ಬಿಟ್ಟು ತಪಸ್ಸಿಗೆ ನಿಂತವನು ಬಾಹುಬಲಿ. ಬಳ್ಳಿಗಳು ಮೈ ಹಬ್ಬುವಷ್ಟು ಕಾಲ ನಿಂತರೂ ಸೂಕ್ಷ್ಮವಾದ ಶಲ್ಯವೊಂದು ಒಳಗೆ ಉಳಿದಿತ್ತು. ಭರತ ಬಂದು ವಂದಿಸಿದ ಮೇಲೆಯೇ ಅದು ಕರಗಿ ಕೇವಲಜ್ಞಾನ ಉಂಟಾಯಿತು. ಚಾವುಂಡರಾಯನ ಕೋರಿಕೆಯಿಂದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರವನ್ನು ರಚಿಸಿದ್ದೂ ಆ ದಿನಗಳಲ್ಲಿಯೇ. ಅದರಲ್ಲಿ ಮಾನಕಷಾಯದ ತೀವ್ರತೆಯನ್ನು ತಿಳಿಸಲು ನಾಲ್ಕು ಹೋಲಿಕೆಗಳು ಬರುತ್ತವೆ. ಒಂದು ಮಾನ ಕಲ್ಲಿನಂತೆ, ಒಡೆದೀತೇ ಹೊರತು ಬಾಗದು. ಅದು ನರಕಕ್ಕೆ ದಾರಿ. ಇನ್ನೊಂದು ಎಲುಬಿನಂತೆ, ಅದು ತಿರ್ಯಂಚ ಗತಿಗೆ. ಮೂರನೆಯದು ಮರದಂತೆ, ಮನುಷ್ಯಗತಿಗೆ. ನಾಲ್ಕನೆಯದು ಬೆತ್ತದಂತೆ, ಮುಟ್ಟಿದರೆ ಬಾಗುತ್ತದೆ, ಅದು ದೇವಗತಿಗೆ. ಶ್ರಾವಕನ ಮನೆಯಲ್ಲಿ ದಿನವೂ ನೆನೆಯಬಹುದಾದ ಹೋಲಿಕೆಯಿದು. ಚಾವುಂಡರಾಯನ ಆಶ್ರಯದಲ್ಲಿದ್ದ ಕವಿಗೆ ಈ ಬೋಧನೆ ಅಪರಿಚಿತವಾಗಿತ್ತೆಂದು ನಂಬುವುದು ಕಷ್ಟ.

ಅಲ್ಲಿಯ ಚಿಕ್ಕಬೆಟ್ಟದ ಬಂಡೆಯೊಂದರ ಮೇಲೆ ಕವಿರತ್ನ ಎಂಬ ಅಕ್ಷರಗಳಿವೆ. ಅದು ರನ್ನನದೇ ಹಸ್ತಾಕ್ಷರವೆಂದು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಸರ್ವಸಂಗ ಪರಿತ್ಯಾಗಿಗಳು ದೇಹವನ್ನೇ ಬಿಟ್ಟುಹೋದ ಬೆಟ್ಟದಲ್ಲಿ ತರುಣ ಕವಿಯೊಬ್ಬ ತನ್ನ ಬಿರುದನ್ನು ಕೊರೆದು ಹೋದನೆಂದರೆ ನಗುವೂ ಬರುತ್ತದೆ, ಪ್ರೀತಿಯೂ ಮೂಡುತ್ತದೆ. ಯಾತ್ರೆಗೆ ಹೋದಾಗ ಗೋಡೆಗಳ ಮೇಲೆ ಹೆಸರು ಗೀಚುವ ಹುಡುಗರನ್ನು ನಾವು ಗದರಿಸುತ್ತೇವೆ, ಗದರಿಸಲೇಬೇಕು. ಆದರೆ ಆ ಹಂಬಲ ಹಳೆಯದು.

ಆಮೇಲಿನ ಏಳಿಗೆ ಶೀಘ್ರವಾಗಿತ್ತು. ಸಾಮಂತರ, ಬಳಿಕ ಮಂಡಲೇಶ್ವರರ, ಕೊನೆಗೆ ಚಕ್ರವರ್ತಿಯ ಮನ್ನಣೆ ತನಗೆ ದೊರೆಯಿತೆಂದು ರನ್ನ ಮೆಟ್ಟಿಲು ಮೆಟ್ಟಿಲಾಗಿ ಹೇಳಿಕೊಂಡಿದ್ದಾನೆ. ತೈಲಪ ಅವನಿಗೆ ಕವಿಚಕ್ರವರ್ತಿ ಎಂಬ ಬಿರುದನ್ನಿತ್ತ. ತಾನು ಸರಸ್ವತಿಯ ಭಂಡಾರದ ಮುದ್ರೆಯನ್ನೇ ಒಡೆದವನೆಂದೂ, ತನ್ನ ಕಾವ್ಯವನ್ನು ಪರೀಕ್ಷಿಸಹೊರಡುವವನಿಗೆ ಒಂದು ಎದೆ ಸಾಲದೆಂದೂ ಹೆಮ್ಮೆಪಟ್ಟವನು ಅವನು. ಈ ಮಾತುಗಳನ್ನು ಕೆಲವರು ಕವಿಸಮಯವೆಂದು ಸಮರ್ಥಿಸುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಹುಟ್ಟಿನಿಂದ ಯಾವ ಸ್ಥಾನವೂ ಸಿಗದವನು ತನ್ನ ಕೈಯಾರೆ ಸಂಪಾದಿಸಿದ್ದನ್ನು ಎತ್ತರದ ದನಿಯಲ್ಲಿ ಹೇಳಿಕೊಂಡದ್ದು ಅದು. ಅದು ಮಾನಕಷಾಯವೇ ಸರಿ. ಆದರೆ ಕಲ್ಲಿನದೋ ಮರದದೋ ಎಂಬುದನ್ನು ಮುಂದಿನ ಬಾಳಿನಿಂದ ಅಳೆಯಬೇಕು.

ತೈಲಪನ ಮಗ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ರನ್ನ ಬರೆದ ಕಾವ್ಯ ಸಾಹಸಭೀಮವಿಜಯ; ಲೋಕ ಅದನ್ನು ಗದಾಯುದ್ಧವೆಂದೇ ಬಲ್ಲುದು. ಜೈನಕವಿಗಳು ಲೌಕಿಕ ಕಾವ್ಯವೊಂದನ್ನೂ ಆಗಮಿಕ ಕಾವ್ಯವೊಂದನ್ನೂ ರಚಿಸುವ ಸಂಪ್ರದಾಯವನ್ನು ಪಂಪ ಹಾಕಿಕೊಟ್ಟಿದ್ದ. ಇದು ರನ್ನನ ಲೌಕಿಕ ಕಾವ್ಯ. ಪಂಪ ಇಡೀ ಭಾರತವನ್ನು ಹೇಳಿದರೆ ರನ್ನ ಯುದ್ಧದ ಕೊನೆಯ ದಿನವನ್ನು ಮಾತ್ರ ಆರಿಸಿಕೊಂಡು, ಹಿಂದಿನದನ್ನೆಲ್ಲ ಸಿಂಹಾವಲೋಕನ ಕ್ರಮದಿಂದ ಅದರೊಳಗೆ ಅಡಕ ಮಾಡಿದ. ನಾಯಕ ಭೀಮ. ಆದರೆ ಓದುಗರ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. ನಾನು ಎಷ್ಟೋ ವರ್ಷ ತರಗತಿಯಲ್ಲಿ ಈ ಕಾವ್ಯದ ಭಾಗಗಳನ್ನು ಪಾಠ ಮಾಡಿದ್ದೇನೆ. ಪಾಠದ ಮೊದಲು ಕೌರವನನ್ನು ಹಳಿಯುತ್ತಿದ್ದ ಮಕ್ಕಳು ಪಾಠ ಮುಗಿಯುವ ಹೊತ್ತಿಗೆ ಮೌನವಾಗಿಬಿಡುತ್ತಿದ್ದರು.

ಕಥೆ ನಡೆಯುವುದು ಹೆಣಗಳ ನಡುವೆ. ತಂದೆತಾಯಿಗಳಾದ ಧೃತರಾಷ್ಟ್ರ, ಗಾಂಧಾರಿಯರು ಸಂಧಿ ಮಾಡಿಕೊಳ್ಳೆಂದು ಅಂಗಲಾಚುತ್ತಾರೆ. ಇದ್ದೊಬ್ಬ ಮಗನನ್ನಾದರೂ ಉಳಿಸಿಕೊಳ್ಳುವ ಆಸೆ ಅವರದು. ದುರ್ಯೋಧನ ಒಪ್ಪುವುದಿಲ್ಲ. ಭೀಷ್ಮರನ್ನು ಕಾಣಲು ಸಂಜಯನ ಜೊತೆಯಲ್ಲಿ ರಣರಂಗವನ್ನು ದಾಟುತ್ತಾನೆ. ದಾರಿಯಲ್ಲಿ ದ್ರೋಣರ ದೇಹ. ಮುಂದೆ ಅಭಿಮನ್ಯುವಿನದು, ಶತ್ರುವಿನ ಮಗನಾದರೂ ಆ ಎಳೆಯನ ಪರಾಕ್ರಮಕ್ಕೆ ಕೈಮುಗಿದು, ಅಂತಹ ಸಾವು ತನಗೂ ಬರಲಿ ಎಂದು ಬಯಸುತ್ತಾನೆ. ಮುಂದೆ ತನ್ನ ಮಗ ಲಕ್ಷಣಕುಮಾರ. ಮಗನಿಂದ ತಂದೆಗೆ ಸಲ್ಲಬೇಕಾದ ತರ್ಪಣ ತಂದೆಯಿಂದ ಮಗನಿಗೆ ಸಲ್ಲುವಂತಾಯಿತಲ್ಲ ಎಂದು ಮರುಗುತ್ತಾನೆ. ಮುಂದೆ ದುಶ್ಶಾಸನ. ಅಲ್ಲಿ ರನ್ನ ಸಿಂಹಾಸನವನ್ನಾಗಲಿ ವೀರವನ್ನಾಗಲಿ ನೆನೆಯದೆ ತಾಯಿಯ ಎದೆಹಾಲನ್ನು ನೆನೆಯುತ್ತಾನೆ. ಹಾಲಿನಿಂದ ಹಿಡಿದು ಎಲ್ಲದರಲ್ಲಿಯೂ ಅಣ್ಣ ಮೊದಲು, ತಮ್ಮ ಆಮೇಲೆ. ಸಾವಿನಲ್ಲಿ ಮಾತ್ರ ಆ ಕ್ರಮ ತಪ್ಪಿತೆಂಬುದು ಅಣ್ಣನ ದುಃಖ. ಒಡಹುಟ್ಟಿದವರ ನಡುವೆ ಬೆಳೆದ ಯಾರಿಗಾದರೂ ಇದು ತಟ್ಟದೆ ಇರದು. ಕೊನೆಗೆ ಕರ್ಣ. ಅವನ ಬಳಿ ದುರ್ಯೋಧನ ಕುಸಿದುಬಿಡುತ್ತಾನೆ.

ಇಷ್ಟೆಲ್ಲ ಕರಗಿದವನು ಒಂದು ವಿಷಯದಲ್ಲಿ ಮಾತ್ರ ಕರಗುವುದಿಲ್ಲ. ಶರಶಯ್ಯೆಯ ಮೇಲಿದ್ದ ಭೀಷ್ಮರೂ ಸಂಧಿಯ ಮಾತನ್ನೇ ಆಡುತ್ತಾರೆ. ಅಜ್ಜನಿಗೆ ನಮಸ್ಕರಿಸಲು ಬಂದೆನೇ ಹೊರತು ಸಂಧಿಗಾಗಿ ಅಲ್ಲವೆಂಬುದು ಮೊಮ್ಮಗನ ಉತ್ತರ. ತಮ್ಮನನ್ನೂ ಗೆಳೆಯನನ್ನೂ ಕೊಂದವರೊಡನೆ ಕೂಡಿ ಬಾಳಲಾರೆನೆಂಬುದು ಅವನ ಛಲ. ಹಿರಿಯರ ಸೂಚನೆಯಂತೆ ಒಂದು ದಿನ ಕಳೆಯಲೆಂದು ವೈಶಂಪಾಯನ ಸರೋವರದೊಳಗೆ ಅಡಗುತ್ತಾನೆ. ದಡದಲ್ಲಿ ಭೀಮ ಗರ್ಜಿಸುತ್ತಾನೆ. ತಣ್ಣನೆಯ ನೀರಿನೊಳಗಿದ್ದೂ ದುರ್ಯೋಧನ ಬೆವರುತ್ತಾನೆ. ಕಷಾಯವೆಂದರೇನೆಂದು ಶಾಸ್ತ್ರಗ್ರಂಥಗಳು ಎಷ್ಟೋ ಪುಟಗಳಲ್ಲಿ ವಿವರಿಸುವುದನ್ನು ರನ್ನ ಈ ಒಂದು ಚಿತ್ರದಲ್ಲಿ ಕಾಣಿಸಿದ. ಹೊರಗಿನ ನೀರು ಎಷ್ಟು ಆಳವಿದ್ದರೇನು, ಬೆಂಕಿ ಒಳಗಿದ್ದರೆ?

ಮಾನಕಷಾಯದ ಕಲ್ಲುಕಂಬ ಇದು. ಶೋಕಕ್ಕೆ, ಸ್ನೇಹಕ್ಕೆ, ವಾತ್ಸಲ್ಯಕ್ಕೆ ಕರಗುವ ಹೃದಯವೇ ಮಾನದ ಮಾತು ಬಂದೊಡನೆ ಕಲ್ಲಾಗುತ್ತದೆ. ನಮ್ಮ ಮನೆಗಳಲ್ಲಿಯೂ ಹೀಗೆಯೇ ಅಲ್ಲವೆ? ಹತ್ತಾರು ವರ್ಷ ಮಾತು ಬಿಟ್ಟ ಅಣ್ಣತಮ್ಮಂದಿರು ದುಷ್ಟರೇನೂ ಅಲ್ಲ. ಬೀದಿಯ ನಾಯಿ ನರಳಿದರೆ ಅವರ ಕಣ್ಣಲ್ಲಿ ನೀರು ಬರುತ್ತದೆ. ಕ್ಷಮಾವಣಿಯ ದಿನ ಊರಿನ ಎಲ್ಲರಿಗೂ ಕೈಮುಗಿದು ಬರುತ್ತಾರೆ. ಗೋಡೆಯಾಚೆಯ ಒಂದು ಮನೆಯನ್ನು ಮಾತ್ರ ಬಿಟ್ಟುಬಿಡುತ್ತಾರೆ. ಆ ಒಂದು ಮನೆಯೇ ದುರ್ಯೋಧನನ ಕಥೆ. ರನ್ನ ಅವನನ್ನು ಕೇಡಿಗನೆಂದು ತಳ್ಳಿಹಾಕದೆ, ಓದುಗನಿಗೆ ಹತ್ತಿರ ತಂದು ನಿಲ್ಲಿಸಿದ್ದು ಇದಕ್ಕಾಗಿಯೇ ಎಂದು ನಾನು ತಿಳಿದಿದ್ದೇನೆ. ದೂರದವನ ತಪ್ಪಿನಿಂದ ನಾವು ಏನನ್ನೂ ಕಲಿಯುವುದಿಲ್ಲ.

ಇನ್ನು ಅತ್ತಿಮಬ್ಬೆಯ ಮಾತು. ವೆಂಗಿ ಮಂಡಲದ ಮೂಲದ ಜೈನ ಮನೆತನದಲ್ಲಿ ಮಲ್ಲಪಯ್ಯನ ಮಗಳಾಗಿ ಹುಟ್ಟಿದವಳು ಅವಳು. ತೈಲಪನ ಮಂತ್ರಿಯಾಗಿದ್ದ ಧಲ್ಲಪನ ಮಗ ನಾಗದೇವನಿಗೆ ಅವಳನ್ನೂ ಅವಳ ತಂಗಿ ಗುಂಡಮಬ್ಬೆಯನ್ನೂ ಕೊಟ್ಟು ಮದುವೆ ಮಾಡಿದ್ದರು. ನಾಗದೇವ ಯುದ್ಧದಲ್ಲಿ ಮಡಿದ. ಗುಂಡಮಬ್ಬೆ ಗಂಡನ ಚಿತೆಯೇರಿದಳು. ಅತ್ತಿಮಬ್ಬೆ ಮಗ ಅಣ್ಣಿಗದೇವನಿಗಾಗಿ ಉಳಿದಳು. ತಂಗಿಯೂ ಗಂಡನೂ ಒಟ್ಟಿಗೆ ಹೋದ ಮನೆಯಲ್ಲಿ ಉಳಿಯುವುದು ಹೋಗುವುದಕ್ಕಿಂತ ಸುಲಭವಾಗಿತ್ತೆಂದು ಯಾರು ಹೇಳಿಯಾರು? ಹಾಗೆ ಉಳಿದವಳು ಕಠಿಣ ವ್ರತಗಳನ್ನು ಹಿಡಿದು ಮುಂದಿನ ಬಾಳನ್ನೆಲ್ಲ ಚತುರ್ವಿಧ ದಾನಕ್ಕೆ ಮುಡಿಪಿಟ್ಟಳು. ಪೊನ್ನನ ಶಾಂತಿಪುರಾಣ ಅವಳ ತಂದೆ ಮತ್ತು ಚಿಕ್ಕಪ್ಪ ಬರೆಯಿಸಿದ ಗ್ರಂಥ. ಅದರ 1000 ಪ್ರತಿಗಳನ್ನು ಓಲೆಯಲ್ಲಿ ಬರೆಯಿಸಿ ಹಂಚಿದಳು. ಮುದ್ರಣಯಂತ್ರವಿಲ್ಲದ ಕಾಲದಲ್ಲಿ ಪ್ರತಿಯೊಂದು ಪ್ರತಿಯನ್ನೂ ಲಿಪಿಕಾರನೊಬ್ಬ ಕಂಠದಿಂದ ಕೊರೆಯಬೇಕಾಗಿತ್ತೆಂಬುದನ್ನು ನೆನೆದರೆ ಆ ಶಾಸ್ತ್ರದಾನದ ತೂಕ ತಿಳಿಯುತ್ತದೆ. ರತ್ನಖಚಿತವಾದ 1500 ಚಿನ್ನದ ಜಿನಬಿಂಬಗಳನ್ನು ಮಾಡಿಸಿ ದಾನವಿತ್ತಳು. ಕ್ರಿ.ಶ. 1007ರಲ್ಲಿ ಲಕ್ಕುಂಡಿಯಲ್ಲಿ ಅವಳು ಕಟ್ಟಿಸಿದ ಬ್ರಹ್ಮಜಿನಾಲಯ ಇಂದಿಗೂ ನಿಂತಿದೆ.

ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದವಳು ಇವಳು. ಅದು ಮುಗಿದದ್ದು ಕ್ರಿ.ಶ. 993ರಲ್ಲಿ. ನಮ್ಮ ಕಡೆಯ ರೂಢಿಯಲ್ಲಿ ಗಂಡನನ್ನು ಕಳೆದುಕೊಂಡವಳ ಮನೆಯಲ್ಲಿ ಬಳೆಗಾರನಿಗೆ ಕೆಲಸವಿರುವುದಿಲ್ಲ. ಬಳೆಗಾರರ ಮನೆಯ ಮಗ ಅಂತಹ ಮನೆಗೆ ಕಾವ್ಯವನ್ನು ಹೊತ್ತು ಹೋದ. ಚಕ್ರವರ್ತಿಯ ಆಸ್ಥಾನದಲ್ಲಿ ಗದ್ದುಗೆ ಪಡೆದವನು, ಒಬ್ಬ ವ್ರತಸ್ಥ ಶ್ರಾವಿಕೆಯ ಇಚ್ಛೆಯನ್ನು ತನ್ನ ಅತ್ಯಂತ ದೊಡ್ಡ ಗೌರವವೆಂದು ಭಾವಿಸಿ, ತೀರ್ಥಂಕರನ ಕಥೆಯ ಜೊತೆಗೇ ಅವಳ ವಂಶವನ್ನೂ ದಾನವನ್ನೂ ಶೀಲವನ್ನೂ ಕೊಂಡಾಡಿದ. ಅವಳನ್ನು ಲೋಕ ದಾನಚಿಂತಾಮಣಿ ಎಂದು ಕರೆಯುತ್ತದೆ. ಅವಳ ಬಾಳಿನ ಬಹುಭಾಗ ನಮಗೆ ತಿಳಿದಿರುವುದು ರನ್ನನಿಂದ ಮತ್ತು ಶಾಸನಗಳಿಂದ.

ಅಜಿತನಾಥರು ಎರಡನೆಯ ತೀರ್ಥಂಕರರು. ಅವರ ಕಾಲದವನೇ ಸಗರ ಚಕ್ರವರ್ತಿ; ಅವನ ಕಥೆಯೂ ಈ ಪುರಾಣದಲ್ಲಿ ಸೇರಿದೆ. ಷಟ್ಖಂಡಗಳನ್ನೂ ಗೆದ್ದ ಸಗರನಿಗೆ 60,000 ಮಂದಿ ಮಕ್ಕಳು. ಅವನ ಪೂರ್ವಜನ್ಮದ ಗೆಳೆಯನಾದ ಮಣಿಕೇತುವೆಂಬ ದೇವ ಅವನಿಗೆ ವೈರಾಗ್ಯ ಹುಟ್ಟಿಸಲು ಎಷ್ಟು ಯತ್ನಿಸಿದರೂ ಮಕ್ಕಳ ಮೇಲಿನ ಮೋಹ ಬಿಡಗೊಡಲಿಲ್ಲ. ಕೈಲಾಸದ ಜಿನಾಲಯಗಳ ರಕ್ಷಣೆಗಾಗಿ ಸುತ್ತಲೂ ಕಂದಕ ತೋಡಲು ಹೋದ ಆ ಮಕ್ಕಳು ಮಣಿಕೇತುವಿನ ಮಾಯೆಯಿಂದ ನೆಲಕ್ಕುರುಳಿದರು. ಆ ಸುದ್ದಿಯನ್ನು ಅರಸನಿಗೆ ತಿಳಿಸುವ ಧೈರ್ಯ ಯಾರಿಗೂ ಇರಲಿಲ್ಲ. ಆಗ ಆ ದೇವನೇ ಮುದಿ ಬ್ರಾಹ್ಮಣನ ವೇಷದಲ್ಲಿ ಬಂದು, ಸತ್ತ ತನ್ನ ಮಗನನ್ನು ಬದುಕಿಸಿಕೊಡೆಂದು ಗೋಳಾಡಿದ. ಸಗರ ಅವನನ್ನು ಸಮಾಧಾನಪಡಿಸಿದ: ಹುಟ್ಟಿದವರಿಗೆ ಸಾವು ತಪ್ಪದು, ಶೋಕ ಬಿಟ್ಟು ಧರ್ಮವನ್ನು ಹಿಡಿ ಎಂಬುದು ಅವನ ಉಪದೇಶದ ಸಾರ. ಉಪದೇಶ ಮುಗಿದೊಡನೆ ಅವನ ಮಕ್ಕಳ ವಾರ್ತೆಯನ್ನು ಮುದುಕ ಅವನಿಗೇ ಮುಟ್ಟಿಸಿದ.

ಬೇರೆಯವರ ಮನೆಯ ಸಾವಿಗೆ ಹೋದಾಗ ನಾವೆಲ್ಲರೂ ಸಗರರೇ. ಸಮಾಧಾನದ ಮಾತುಗಳು ಬಾಯಿಗೆ ತಾವಾಗಿ ಬರುತ್ತವೆ. ಅವು ಸುಳ್ಳೂ ಅಲ್ಲ. ಆ ಮಾತುಗಳು ತಿರುಗಿ ನಮ್ಮ ಬಾಗಿಲಿಗೇ ಬಂದಾಗ ಏನು ಮಾಡುತ್ತೇವೆ ಎಂಬುದು ಬೇರೆಯ ಪ್ರಶ್ನೆ. ಸಗರ ತನ್ನ ಮಾತಿಗೆ ತಾನೇ ಬಾಗಿದ. ಭಗೀರಥನಿಗೆ ರಾಜ್ಯವನ್ನೊಪ್ಪಿಸಿ ದೀಕ್ಷೆ ಪಡೆದ. ಮಣಿಕೇತು ಮಕ್ಕಳನ್ನು ಮೂರ್ಛೆಯಿಂದ ಎಬ್ಬಿಸಿದ ಮೇಲೆ ಅವರೂ ತಂದೆಯ ದಾರಿಯನ್ನೇ ಹಿಡಿದರು. ಹೆಣಗಳ ನಡುವೆ ನಡೆದೂ ಬಾಗದ ದುರ್ಯೋಧನ, ಒಂದು ಮಾತಿಗೆ ಬಾಗಿದ ಸಗರ, ಇಬ್ಬರೂ ಒಂದೇ ಕವಿಯ ಕೈಯಿಂದ ಬಂದವರು. ಒಬ್ಬನನ್ನು ಅರಸನಿಗಾಗಿ ಬರೆದ, ಇನ್ನೊಬ್ಬನನ್ನು ಅತ್ತಿಮಬ್ಬೆಗಾಗಿ.

ರನ್ನನ ಕೃತಿಗಳೆಲ್ಲ ನಮಗೆ ಉಳಿದಿಲ್ಲ. ಚಾವುಂಡರಾಯನ ಸಮರಪರಶುರಾಮ ಎಂಬ ಬಿರುದನ್ನು ನೆನಪಿಸುವ ಪರಶುರಾಮಚರಿತ ಸಿಕ್ಕಿಲ್ಲ, ಚಕ್ರೇಶ್ವರಚರಿತವೂ ಸಿಕ್ಕಿಲ್ಲ. ರನ್ನಕಂದವೆಂಬ ನಿಘಂಟಿನ ಕೆಲವೇ ಪದ್ಯಗಳು ದೊರೆತಿವೆ. ಪಂಪ, ಪೊನ್ನರೊಡನೆ ಅವನನ್ನು ಸೇರಿಸಿ ಕನ್ನಡದ ರತ್ನತ್ರಯರೆಂದು ಕರೆಯುತ್ತೇವೆ. ಸಮ್ಯಗ್ದರ್ಶನ, ಸಮ್ಯಗ್ಜ್ಞಾನ, ಸಮ್ಯಕ್‌ಚಾರಿತ್ರಗಳಿಗೆ ಸಲ್ಲುವ ಹೆಸರು ಕವಿಗಳಿಗೂ ಸಂದಿತು.

ರನ್ನ ದೀಕ್ಷೆ ಪಡೆದವನಲ್ಲ. ಅವನು ಸಂಸಾರಿ. ಜಕ್ಕಿ, ಶಾಂತಿ ಎಂಬ ಇಬ್ಬರು ಹೆಂಡಿರು, ಒಬ್ಬ ಮಗ, ಒಬ್ಬಳು ಮಗಳು. ಮಕ್ಕಳಿಗೆ ತಂದೆತಾಯಿಗಳ ಹೆಸರನ್ನೋ ಕುಲದ ಹಿರಿಯರ ಹೆಸರನ್ನೋ ಇಡುವುದು ವಾಡಿಕೆ. ಸರಸ್ವತಿಯ ಭಂಡಾರದ ಮುದ್ರೆ ಒಡೆದೆನೆಂದ ಆ ಕವಿಚಕ್ರವರ್ತಿ ಮಗನಿಗೆ ರಾಯನೆಂದು ಹೆಸರಿಟ್ಟ. ತನ್ನನ್ನು ಮೊದಲು ಕೈಹಿಡಿದ ಚಾವುಂಡರಾಯನ ನೆನಪಿಗೆ. ಮಗಳಿಗೆ ಅತ್ತಿಮಬ್ಬೆಯೆಂದು ಹೆಸರಿಟ್ಟ. ಊಟಕ್ಕೆ ಕೂಗುವಾಗಲೂ ಆಟದಿಂದ ಎಬ್ಬಿಸಿ ತರುವಾಗಲೂ ಆ ಮನೆಯಲ್ಲಿ ಕೇಳುತ್ತಿದ್ದುದು ಅವೆರಡೇ ಹೆಸರುಗಳು.